ಮಂಗೋಲರ ನಾಡಿಗೆ ಇಬ್ಬರು ದಪ್ಪ ಸನ್ಯಾಸಿಗಳು

1238ರಲ್ಲಿ ಇಂಗ್ಲೆಂಡಿನ ಯಾರ್ಮತ್ ಬಂದರಿನಲ್ಲಿ ಹೆರಿಂಗ್ ಮೀನಿನ ಬೆಲೆ ನೆಲ ಕಚ್ಚಿತು. ಸಮುದ್ರದಿಂದ ದೂರ ಇದ್ದ ಊರುಗಳಲ್ಲೂ ಒಂದು ಬೆಳ್ಳಿ ನಾಣ್ಯಕ್ಕೆ ನಲವತ್ತು ಐವತ್ತು ಒಳ್ಳೆಯ ಮೀನು ಸಿಗುತ್ತಿದ್ದವು. ಪ್ರತಿ ವರ್ಷ ಗಾಟ್‌ಲೆಂಡ್, ಫ್ರೀಸ್‌ಲೆಂಡ್ ಕಡೆಯಿಂದ ಹಡಗು ತಂದು ಮೀನು ತುಂಬಿಕೊಂಡು ಹೋಗುತ್ತಿದ್ದ ವ್ಯಾಪಾರಿಗಳು ಆ ವರ್ಷ ಮನೆ ಬಿಟ್ಟು ಕದಲಲಿಲ್ಲ. ಪೂರ್ವದಿಂದ ಯಾರೋ ಕುದುರೆ ಸವಾರರು ಬರುತ್ತಿದ್ದಾರಂತೆ, ಬಂದಲ್ಲೆಲ್ಲ ಊರು ಸುಡುತ್ತಿದ್ದಾರಂತೆ ಎಂಬ ಸುದ್ದಿ ಅವರಿಗೆ ಮುಟ್ಟಿತ್ತು. ಸೇಂಟ್ ಆಲ್ಬನ್ಸ್ ಮಠದಲ್ಲಿ ಕೂತು ಚರಿತ್ರೆ ಬರೆಯುತ್ತಿದ್ದ ಮ್ಯಾಥ್ಯೂ ಪ್ಯಾರಿಸ್ ಈ ಮೀನಿನ ಬೆಲೆಯನ್ನು ಮರೆಯದೆ ದಾಖಲಿಸಿದ. ಯುರೋಪಿನ ಪಶ್ಚಿಮ ತುದಿಗೆ ಮಂಗೋಲರು ಮೊದಲು ಬಂದದ್ದು ಹೀಗೆ, ಮೀನುಪೇಟೆಯ ದಾರಿಯಲ್ಲಿ.

ಆಗ ಅವರ ಬಗ್ಗೆ ಯಾರಿಗೂ ಏನೂ ಸರಿಯಾಗಿ ಗೊತ್ತಿರಲಿಲ್ಲ. ಅದೇ ವರ್ಷ ಪಶ್ಚಿಮ ಏಷ್ಯಾದ ಮುಸ್ಲಿಮರ ಕಡೆಯಿಂದ ದೂತರು ಬಂದು, ಇವರ ವಿರುದ್ಧ ನಾವೆಲ್ಲ ಒಟ್ಟಾಗೋಣ ಎಂದು ಕೇಳಿದರು. ವಿಂಚೆಸ್ಟರಿನ ಬಿಷಪ್ ಕೊಟ್ಟ ಉತ್ತರ, ನಾಯಿಗಳು ಒಂದನ್ನೊಂದು ಕಚ್ಚಿಕೊಂಡು ಸಾಯಲಿ ಬಿಡಿ ಅಂತ. ಮೂರೇ ವರ್ಷಕ್ಕೆ ಆ ನಗು ಅಡಗಿತು. 1241ರ ಏಪ್ರಿಲ್ 9ರಂದು ಪೋಲೆಂಡಿನ ಲೆಗ್ನಿಟ್ಸಾದಲ್ಲಿ ಒಂದು ಸೈನ್ಯ ನಾಶವಾಯಿತು. ಎರಡೇ ದಿನಕ್ಕೆ ಹಂಗೇರಿಯ ಮೋಹಿಯಲ್ಲಿ ಇನ್ನೊಂದು. ಮರುವರ್ಷ ಮಂಗೋಲರು ಬಂದ ಹಾಗೇ ವಾಪಸ್ ಹೋದರು. ಯಾಕೆ ಹೋದರು, ಮತ್ತೆ ಯಾವಾಗ ಬರುತ್ತಾರೆ ಎಂದು ಹೇಳುವವರಿರಲಿಲ್ಲ. ಕೊನೆಗೆ ಪೋಪ್ ನಾಲ್ಕನೇ ಇನೊಸೆಂಟ್, ಹೋಗಿ ನೋಡಿಕೊಂಡೇ ಬನ್ನಿ ಎಂದು ಸನ್ಯಾಸಿಗಳನ್ನು ಕಳಿಸಿದ.

ಹೋಗಿ ಬಂದು ಬರೆದವರಲ್ಲಿ ಇಬ್ಬರು ನನಗೆ ಬಹಳ ಇಷ್ಟ. ಒಬ್ಬ ಇಟಲಿಯ ಕಾರ್ಪಿನಿ, ಇನ್ನೊಬ್ಬ ಫ್ಲಾಂಡರ್ಸ್ ಕಡೆಯ ರುಬ್ರುಕ್. ಇಬ್ಬರೂ ಫ್ರಾನ್ಸಿಸ್ಕನ್ ಪಂಥದವರು. ಜೇಬಿನಲ್ಲಿ ಕಾಸು ಇಟ್ಟುಕೊಳ್ಳಬಾರದು, ಬರಿಗಾಲಲ್ಲಿ ನಡೆಯಬೇಕು ಎಂಬ ವ್ರತದವರು. ಇಬ್ಬರೂ ದಪ್ಪ ಆಸಾಮಿಗಳು. ಮಾರ್ಕೊ ಪೋಲೊನ ಹೆಸರು ಕೇಳದವರಿಲ್ಲ. ಆದರೆ ಅವನು ಹುಟ್ಟಿದ್ದೇ 1254ರಲ್ಲಿ. ಆ ವರ್ಷ ರುಬ್ರುಕ್ ಆಗಲೇ ಮಂಗೋಲ ಖಾನನ ಪಾಳೆಯದಲ್ಲಿ ಕಾಲಿನ ಬೆರಳು ಮರಗಟ್ಟಿಸಿಕೊಂಡು ಕೂತಿದ್ದ.

ಕಾರ್ಪಿನಿ ಹೊರಟದ್ದು 1245ರ ಏಪ್ರಿಲ್ 16ರಂದು, ಫ್ರಾನ್ಸಿನ ಲಿಯಾನ್‌ನಿಂದ. ವಯಸ್ಸು ಅರವತ್ತು ದಾಟಿತ್ತು. ತನ್ನ ಪಂಥ ಕಟ್ಟಿದ ಸಂತ ಫ್ರಾನ್ಸಿಸನನ್ನು ಕಣ್ಣಾರೆ ಕಂಡು ಒಡನಾಡಿದವನು. ಜರ್ಮನಿಯಲ್ಲಿ ಕೆಲಸ ಮಾಡುತ್ತಿದ್ದಾಗ ದೇಹದ ಭಾರಕ್ಕೆ ನಡೆಯಲಾಗದೆ ಕತ್ತೆ ಮೇಲೆ ಓಡಾಡುತ್ತಿದ್ದನಂತೆ. ಇಂಥವನನ್ನು ಹುಡುಕಿ ಸಾವಿರಾರು ಮೈಲಿ ಕುದುರೆ ಮೇಲೆ ಕಳಿಸಿದ ಪೋಪನ ಧೈರ್ಯ ಮೆಚ್ಚಬೇಕು. ದಾರಿಯಲ್ಲಿ ಪೋಲೆಂಡಿನ ಬೆನೆಡಿಕ್ಟ್ ಎಂಬ ಸನ್ಯಾಸಿ ಜೊತೆಯಾದ.

ಕೀವ್ ತಲುಪಿದಾಗ ಕಾರ್ಪಿನಿಗೆ ಸುದ್ದಿಯ ಹಿಂದಿನ ಸತ್ಯ ಕಂಡಿತು. ಮಂಗೋಲರು 1240ರಲ್ಲಿ ಆ ಊರು ಹಿಡಿದಿದ್ದರು. ದೊಡ್ಡ ಜನಭರಿತ ನಗರವಾಗಿದ್ದ ಕಡೆ ಇನ್ನೂರು ಮನೆ ಉಳಿದಿದ್ದರೆ ಹೆಚ್ಚು. ಆ ನಾಡಿನ ದಾರಿಯಲ್ಲಿ ಲೆಕ್ಕವಿಲ್ಲದಷ್ಟು ತಲೆಬುರುಡೆ, ಮೂಳೆ ನೆಲದ ಮೇಲೆ ಬಿದ್ದಿದ್ದವು ಎಂದು ಬರೆಯುತ್ತಾನೆ. ಅಲ್ಲಿ ಎದೆ ಬಡಿದುಕೊಳ್ಳುವುದಿಲ್ಲ, ದೇವರನ್ನು ಕೂಗುವುದಿಲ್ಲ. ಎರಡು ವಾಕ್ಯ ಬರೆದು ಮುಂದೆ ಹೋಗುತ್ತಾನೆ. ಕೀವ್‌ನವರು ಅವನಿಗೊಂದು ಬುದ್ಧಿಮಾತು ಹೇಳಿದರು. ನಿಮ್ಮ ಕುದುರೆ ಇಲ್ಲೇ ಬಿಟ್ಟು ಹೋಗಿ. ಮಂಗೋಲರ ಕುದುರೆಗೆ ಗೊರಸಿನಿಂದ ಹಿಮ ಕೆರೆದು ಅಡಿಯ ಹುಲ್ಲು ತಿನ್ನೋಕೆ ಗೊತ್ತು, ನಿಮ್ಮವು ಉಪವಾಸ ಸಾಯುತ್ತವೆ. ಅಲ್ಲಿ ಒಣಹುಲ್ಲು, ಮೇವು ಏನೂ ಸಿಗಲ್ಲ. ಒಂದು ಸೈನ್ಯ ಚಳಿಗಾಲದಲ್ಲಿ ಹೇಗೆ ಅಷ್ಟು ದೂರ ಬಂತು ಎನ್ನುವುದಕ್ಕೆ ಕಾಲು ಭಾಗ ಉತ್ತರ ಈ ಮಾತಿನಲ್ಲೇ ಇದೆ. ಹೇಳಿದವರು ಸೋತ ಊರಿನವರು ಅನ್ನೋದನ್ನು ಗಮನಿಸಿ.

ವೋಲ್ಗಾ ನದಿಯ ದಂಡೆಯಲ್ಲಿ ಚೆಂಗೀಸ್ ಖಾನನ ಮೊಮ್ಮಗ ಬಾತುವಿನ ಪಾಳೆಯ. ಅಲ್ಲಿ ಇವರನ್ನು ಎರಡು ಬೆಂಕಿಯ ನಡುವೆ ನಡೆಸಿದರು. ಮನಸ್ಸಿನಲ್ಲಿ ಕೇಡು ಇದ್ದರೆ, ಮೈಮೇಲೆ ವಿಷ ಇದ್ದರೆ ಬೆಂಕಿ ಅದನ್ನು ಕಳೆಯುತ್ತದೆ ಎಂಬ ನಂಬಿಕೆ. ಆಮೇಲೆ ಶುರುವಾಯಿತು ನಿಜವಾದ ಓಟ. 1246ರ ಏಪ್ರಿಲ್‌ನಿಂದ ಜುಲೈ 22ರವರೆಗೆ, ದಿನಕ್ಕೆ ಐದು ಸಲ, ಕೆಲವೊಮ್ಮೆ ಏಳು ಸಲ ಕುದುರೆ ಬದಲಿಸುತ್ತ ಓಟ. ಮೈ ತಡೆದುಕೊಳ್ಳಲಿ ಎಂದು ಕೈಕಾಲಿಗೆ ಬಟ್ಟೆ ಬಿಗಿದು ಕಟ್ಟಿಕೊಂಡರು. ಹೊರಡುವ ಮುಂಚಿನ ಉಪವಾಸದ ವಾರಗಳಲ್ಲಿ ಉಪ್ಪು ನೀರು ಹಾಕಿ ಬೇಯಿಸಿದ ಕಿರುಧಾನ್ಯ ಬಿಟ್ಟರೆ ಬೇರೆ ಊಟವಿಲ್ಲ. ಪಾತ್ರೆಯಲ್ಲಿ ಕರಗಿಸಿದ ಹಿಮವೇ ಕುಡಿಯುವ ನೀರು. ಅವಸರ ಯಾಕೆಂದರೆ ಹೊಸ ಖಾನ್ ಗುಯುಕ್‌ನ ಪಟ್ಟಾಭಿಷೇಕಕ್ಕೆ ಮುಟ್ಟಬೇಕಿತ್ತು.

ಮುಟ್ಟಿದರು ಕೂಡ. ಎರಡು ಸಾವಿರ ಜನ ಹಿಡಿಸುವ ಡೇರೆ, ನಾಲ್ಕು ಸಾವಿರ ರಾಯಭಾರಿಗಳು. ಮೊದಲ ದಿನ ಎಲ್ಲರೂ ಬಿಳಿ ಬಟ್ಟೆ, ಎರಡನೇ ದಿನ ಕೆಂಪು, ಮೂರನೇ ದಿನ ನೀಲಿ, ನಾಲ್ಕನೇ ದಿನ ಜರಿ. ಗುಡ್ಡದ ಮೇಲೆ ಚಿನ್ನ, ಬೆಳ್ಳಿ, ರೇಷ್ಮೆ ತುಂಬಿದ ಐನೂರಕ್ಕೂ ಹೆಚ್ಚು ಗಾಡಿ. ನೀವೇನು ಕಾಣಿಕೆ ತಂದಿದ್ದೀರಿ ಎಂದು ಇವರನ್ನೂ ಕೇಳಿದರು. ಇದ್ದಬದ್ದ ಚರ್ಮಗಳನ್ನೆಲ್ಲ ದಾರಿಯಲ್ಲೇ ಕೊಟ್ಟು ಮುಗಿಸಿದ್ದ ಸನ್ಯಾಸಿಗಳು ಬರಿಗೈ ತೋರಿಸಿದರು. ಆ ಗುಂಪಿನಲ್ಲಿ ಇವರಷ್ಟು ಬಡ ರಾಯಭಾರಿಗಳು ಬೇರೆ ಇರಲಾರರು.

ಆಮೇಲಿನ ಒಂದು ತಿಂಗಳು ಹಸಿವು. ನಾಲ್ಕು ಜನಕ್ಕೆಂದು ಕೊಟ್ಟದ್ದು ಒಬ್ಬನಿಗೆ ಸಾಲುತ್ತಿರಲಿಲ್ಲ. ಆಗ ಇವರನ್ನು ಉಳಿಸಿದವನು ಕಾಸ್ಮಾಸ್ ಎಂಬ ರಷ್ಯನ್ ಅಕ್ಕಸಾಲಿ. ಖಾನನಿಗೆ ಬೇಕಾದವನು. ಇವರಿಗೆ ಅಷ್ಟಿಷ್ಟು ನೆರವಾದ. ಖಾನನಿಗೆಂದು ತಾನು ಮಾಡಿದ ಸಿಂಹಾಸನವನ್ನು ಇಡುವ ಮೊದಲೇ ಇವರಿಗೆ ತೋರಿಸಿದ. ತಾನೇ ಕೊರೆದ ಮುದ್ರೆಯನ್ನೂ ತೋರಿಸಿ ಅದರಲ್ಲಿ ಏನಿದೆ ಎಂದು ಓದಿ ಹೇಳಿದ. ನನಗೆ ಈ ದೃಶ್ಯ ಪಟ್ಟಾಭಿಷೇಕಕ್ಕಿಂತ ದೊಡ್ಡದು. ಮನೆಯಿಂದ ಅಷ್ಟು ದೂರ ಬಂದು ಬಿದ್ದ ಒಬ್ಬ ಕುಶಲಕರ್ಮಿಗೆ ತನ್ನ ಕೆಲಸವನ್ನು ತನ್ನ ಧರ್ಮದವರೊಬ್ಬರಿಗೆ ತೋರಿಸಬೇಕು ಅನ್ನಿಸಿದೆ.

ಕಾರ್ಪಿನಿಯ ವರದಿ ಓದುತ್ತಾ ಹೋದರೆ ಒಂದು ವಿಷಯ ಎದ್ದು ಕಾಣುತ್ತದೆ. ಮಂಗೋಲರು ಸೈನ್ಯವನ್ನು ಹತ್ತು, ನೂರು, ಸಾವಿರ, ಹತ್ತು ಸಾವಿರ ಎಂದು ಹೇಗೆ ವಿಂಗಡಿಸುತ್ತಾರೆ, ಹೇಗೆ ಓಡಿಹೋದಂತೆ ನಟಿಸಿ ಸುತ್ತುವರಿಯುತ್ತಾರೆ, ನದಿ ಹೇಗೆ ದಾಟುತ್ತಾರೆ, ಹೀಗೆ ಒಂದು ಯುದ್ಧ ಕೈಪಿಡಿಗೆ ಸಾಕಾಗುವಷ್ಟು ಮಾಹಿತಿ ಇದೆ. ಒಂದೇ ಬೇಸಿಗೆ ಅಲ್ಲಿದ್ದ, ಭಾಷೆ ಬಾರದ ಮುದುಕನಿಗೆ ಇದೆಲ್ಲ ಹೇಗೆ ತಿಳಿಯಿತು? ಅವನೇ ಹೇಳುತ್ತಾನೆ. ಅಲ್ಲಿ ಲ್ಯಾಟಿನ್, ಫ್ರೆಂಚ್ ಬಲ್ಲ ರಷ್ಯನ್ನರು, ಹಂಗೇರಿಯನ್ನರು ಇದ್ದರು. ಕೆಲವರು ಹತ್ತು, ಕೆಲವರು ಇಪ್ಪತ್ತು, ಮೂವತ್ತು ವರ್ಷ ಮಂಗೋಲರ ಜೊತೆ ಬಾಳಿದವರು, ಅವರ ದಂಡಿನಲ್ಲಿ ಅಲೆದವರು. ನಾವು ಕೇಳುವ ಮುಂಚೆಯೇ, ನಮಗೆ ಬೇಕಿದ್ದದ್ದು ಗೊತ್ತಿದ್ದರಿಂದ, ಎಲ್ಲ ಹೇಳುತ್ತಿದ್ದರು ಎನ್ನುತ್ತಾನೆ. ಅಂದರೆ 'ನಾವು ತಾರ್ತರರು ಎನ್ನುವ ಮಂಗೋಲರ ಚರಿತ್ರೆ' ಎಂದು ಅವನು ಹೆಸರಿಟ್ಟ ಪುಸ್ತಕದ ಅರ್ಧಕ್ಕರ್ಧ ಅವರ ಬಾಯಿಂದ ಬಂದದ್ದು. ಆ ಜನರಲ್ಲಿ ಒಬ್ಬರೂ ತಾವಾಗಿ ಒಂದು ಪುಟ ಬರೆದಿಟ್ಟಂತೆ ಇಲ್ಲ. ಈ ಬರಹ ಬರೆಯಲು ನನಗೆ ಕಾರಣ ಅವರೇ. ಸನ್ಯಾಸಿಗಳು ಸುಮ್ನೆ ನೆಪ.

ಅದೇ ಬಾಯಿಗಳಿಂದ ಬುರುಡೆಯೂ ಬಂತು. ಗಂಡಸರೆಲ್ಲ ನಾಯಿಯ ರೂಪದಲ್ಲಿರುವ ನಾಡು, ಒಂಟಿ ಕೈ ಒಂಟಿ ಕಾಲಿನ ಜನ, ಮಾಂಸ ಬೇಯಿಸಿ ಬರೀ ಹಬೆ ಕುಡಿದು ಬದುಕುವವರು. ಇವೆಲ್ಲ ಕಾರ್ಪಿನಿಯ ಪುಸ್ತಕದಲ್ಲಿವೆ. ಆಸ್ಥಾನದಲ್ಲಿದ್ದ ರಷ್ಯನ್ ಪಾದ್ರಿಗಳು ಖಂಡಿತ ನಿಜ ಎಂದರು ಅಂತ ಸಾಕ್ಷಿಯನ್ನೂ ಕೊಡುತ್ತಾನೆ. ಗಮನಿಸಿದರೆ ಇವೆಲ್ಲ ಅವನು ಹೋಗದ ಜಾಗಗಳು. ತಾನು ಕಂಡ ಕಡೆ ಅವನು ಎಷ್ಟು ಖಚಿತ ನೋಡಿ. ಮಂಗೋಲರು ಗಾಡಿಗಳಿಗೆ ಬೀಗ ಹಾಕುವುದಿಲ್ಲ, ಕಳ್ಳತನ ಇಲ್ಲ. ತಪ್ಪಿಸಿಕೊಂಡ ದನ ಸಿಕ್ಕರೆ ಒಡೆಯನಿಗೆ ತಲುಪಿಸುತ್ತಾರೆ. ಊಟ ಕಮ್ಮಿ ಇದ್ದರೂ ಹಂಚಿಕೊಳ್ಳುತ್ತಾರೆ. ತಮ್ಮೊಳಗೆ ಜಗಳ ಅಪರೂಪ, ಹೊರಗಿನವರ ಜೊತೆ ಮಾತ್ರ ಸುಳ್ಳು, ದರ್ಪ. ತನ್ನ ಜನರನ್ನು ಕೊಂದವರ ಬಗ್ಗೆ ಬರೆಯುತ್ತಿದ್ದಾನೆ, ಬೇಹುಗಾರಿಕೆಗೇ ಹೋಗಿದ್ದಾನೆ. ಆದರೂ ಒಳ್ಳೆಯದನ್ನು ಮೊದಲು ಹೇಳಿ ಕೆಟ್ಟದ್ದನ್ನು ಆಮೇಲೆ ಹೇಳುತ್ತಾನೆ.

ಗುಯುಕ್ ಪೋಪನಿಗೆ ಬರೆಸಿದ ಉತ್ತರ ಪರ್ಷಿಯನ್ ಭಾಷೆಯಲ್ಲಿ, ಖಾನನ ಮುದ್ರೆಯೊಂದಿಗೆ ಇವತ್ತಿಗೂ ವ್ಯಾಟಿಕನ್‌ನಲ್ಲಿದೆ. ಶತಮಾನಗಳ ಕಾಲ ಮೂಲೆಯಲ್ಲಿದ್ದು 1920ರಲ್ಲಿ ಸಿಕ್ಕಿತು. ಸಾರಾಂಶ ಇಷ್ಟೇ. ನೀನು ನನಗೆ ಕ್ರೈಸ್ತನಾಗು ಅನ್ನುತ್ತೀಯ, ಆ ಮಾತು ನನಗೆ ಅರ್ಥವಾಗಲಿಲ್ಲ. ಸೂರ್ಯ ಹುಟ್ಟುವ ಕಡೆಯಿಂದ ಮುಳುಗುವ ಕಡೆವರೆಗೆ ನೆಲವೆಲ್ಲ ನಮ್ಮದಾಗಿದೆ, ದೇವರ ಅಪ್ಪಣೆ ಇಲ್ಲದೆ ಇದು ಆಗುತ್ತಿತ್ತೇ? ರಾಜರನ್ನೆಲ್ಲ ಕರೆದುಕೊಂಡು ನೀನೇ ಬಂದು ಶರಣಾಗು. ಪೋಪ್ ಕಳಿಸಿದ ಪತ್ರದ ಧಾಟಿಯೂ ಹೆಚ್ಚುಕಡಿಮೆ ಹೀಗೇ ಇತ್ತು ಅನ್ನೋದು ಬೇರೆ ಮಾತು.

ಜೊತೆಗೆ ತಮ್ಮ ದೂತರನ್ನೂ ಕಳಿಸುತ್ತೇವೆ ಎಂದರು ಮಂಗೋಲರು. ಕಾರ್ಪಿನಿ ಉಪಾಯವಾಗಿ ತಪ್ಪಿಸಿದ. ಯಾಕೆ ಬೇಡ ಎನ್ನುವುದಕ್ಕೆ ಅವನು ಬರೆದುಕೊಂಡ ಮೊದಲ ಕಾರಣ, ನಮ್ಮ ರಾಜರು ತಮ್ಮತಮ್ಮಲ್ಲೇ ಹೊಡೆದಾಡುವುದನ್ನು ಇವರು ಕಂಡರೆ ದಂಡೆತ್ತಿ ಬರೋಕೆ ಇನ್ನೂ ಹುಮ್ಮಸ್ಸಾಗುತ್ತದೆ. ತಾನು ಅಲ್ಲಿ ಏನು ಮಾಡಿದನೋ ಅದನ್ನೇ ಅವರು ಇಲ್ಲಿ ಮಾಡುತ್ತಾರೆಂದು ಅವನಿಗೆ ಗೊತ್ತಿತ್ತು.

ವಾಪಸ್ ದಾರಿ ಇಡೀ ಚಳಿಗಾಲ. ಕಾಲಿನಿಂದ ಹಿಮ ಸರಿಸಿ ಅದರಲ್ಲೇ ಮಲಗಿದರು. ಬೆಳಗ್ಗೆ ಎದ್ದರೆ ಗಾಳಿ ತಂದ ಹಿಮ ಮೈಮೇಲೆಲ್ಲ. 1247ರ ಜೂನ್‌ನಲ್ಲಿ ಕೀವ್ ತಲುಪಿದಾಗ ಅಲ್ಲಿನವರು ಸತ್ತು ಎದ್ದು ಬಂದವರನ್ನು ಕಂಡ ಹಾಗೆ ಸಂಭ್ರಮಪಟ್ಟರು. ಪೋಲೆಂಡ್, ಬೊಹೀಮಿಯಾ, ಜರ್ಮನಿಯಲ್ಲಿ ದಾರಿಯುದ್ದಕ್ಕೂ ಜನ ಅವನ ಅರ್ಧಂಬರ್ಧ ಬರಹವನ್ನೇ ನಕಲು ಮಾಡಿಕೊಂಡರು. ಇನ್ನೂ ತಿದ್ದುವುದಿದೆ ಮಾರಾಯ್ರೇ ಅಂದರೂ ಕೇಳಲಿಲ್ಲ ಅನ್ನಿಸುತ್ತದೆ, ಪುಸ್ತಕದ ಕೊನೆಯಲ್ಲಿ ಅವನು ಆ ಬಗ್ಗೆ ವಿವರಣೆ ಕೊಡಬೇಕಾಗಿ ಬಂತು. ಯಾರೂ ನಮ್ಮನ್ನು ಸುಳ್ಳರು ಅನ್ನಬಾರದು ಎಂದು, ದಾರಿಯಲ್ಲಿ ತನ್ನನ್ನು ಕಂಡ ವ್ಯಾಪಾರಿಗಳ ಹೆಸರನ್ನೂ ಪಟ್ಟಿ ಮಾಡಿದ್ದಾನೆ.

ರುಬ್ರುಕ್ ಬೇರೆಯೇ ಜಾತಿಯ ಬರಹಗಾರ. ಅವನು ಬರೆದದ್ದು ಫ್ರಾನ್ಸಿನ ರಾಜ ಒಂಬತ್ತನೇ ಲೂಯಿಗೆ ಒಂದು ಉದ್ದದ ಕಾಗದ. 1253ರ ಮೇ ತಿಂಗಳಲ್ಲಿ ಕಾನ್‌ಸ್ಟಾಂಟಿನೋಪಲ್‌ನಿಂದ ಕಪ್ಪು ಸಮುದ್ರ ದಾಟಿ ಕ್ರೈಮಿಯಾದ ಸೊಲ್ದಾಯಾದಲ್ಲಿ ಇಳಿದ. ನಾನು ರಾಯಭಾರಿ ಅಲ್ಲ, ಧರ್ಮ ಬೋಧಿಸೋಕೆ ಬಂದ ಸನ್ಯಾಸಿ ಎಂದು ಹೋದಲ್ಲೆಲ್ಲ ಹೇಳಿದ. ಯಾರೂ ನಂಬಲಿಲ್ಲ. ಮಂಗೋಲರ ನಡುವೆ ಕಾಲಿಟ್ಟಾಗ ಬೇರೊಂದು ಲೋಕಕ್ಕೇ ಬಂದಂತಾಯಿತು ಎಂದು ಬರೆದ.

ಬೇರೆ ಲೋಕವಾದರೂ ಅಳತೆಪಟ್ಟಿ ಕೈಬಿಡಲಿಲ್ಲ ನೋಡಿ. ಮಂಗೋಲರು ಉಣ್ಣೆ ಬಡಿದು ಮಾಡಿದ ದಪ್ಪ ಹೊದಿಕೆಯ ಡೇರೆಗಳನ್ನು ಬಿಚ್ಚದೆ ಹಾಗೇ ಗಾಡಿ ಮೇಲೆ ಹೊತ್ತು ಸಾಗಿಸುತ್ತಿದ್ದರು. ರುಬ್ರುಕ್ ಒಂದು ಗಾಡಿಯ ಎರಡು ಚಕ್ರದ ಗುರುತುಗಳ ನಡುವೆ ಅಳೆದ. ಇಪ್ಪತ್ತು ಅಡಿ. ಮೇಲೆ ಕೂತ ಡೇರೆ ಎರಡೂ ಕಡೆ ಕಮ್ಮಿಯೆಂದರೂ ಐದೈದು ಅಡಿ ಹೊರಗೆ ಚಾಚಿತ್ತು. ಎಳೆಯುವ ಎತ್ತುಗಳನ್ನು ಎಣಿಸಿದ. ಹನ್ನೊಂದು ಒಂದು ಸಾಲಿನಲ್ಲಿ, ಅದರ ಮುಂದೆ ಇನ್ನೊಂದು ಹನ್ನೊಂದು. ಗಾಡಿಯ ಅಚ್ಚು ಹಡಗಿನ ಪಟಸ್ತಂಭದಷ್ಟು ದಪ್ಪ. ಡೇರೆಯ ಬಾಗಿಲಲ್ಲಿ ಒಬ್ಬ ಆಸಾಮಿ ನಿಂತುಕೊಂಡು ಇಪ್ಪತ್ತೆರಡು ಎತ್ತುಗಳನ್ನೂ ಹೊಡೆಯುತ್ತಿದ್ದ. ಸಾಮಾನಿನ ಗಾಡಿಗಳ ಕತೆ ಇನ್ನೂ ಚೆಂದ. ಇಪ್ಪತ್ತು ಮೂವತ್ತು ಗಾಡಿಗಳನ್ನು ಒಂದರ ಹಿಂದೊಂದು ಕಟ್ಟಿ, ಮೊದಲನೆಯದರಲ್ಲಿ ಒಬ್ಬ ಹೆಂಗಸು ಕೂತು ಅಷ್ಟನ್ನೂ ನಡೆಸುತ್ತಾಳೆ. ಬಯಲು ಸಪಾಟಾಗಿರುವುದರಿಂದ ಆಗುತ್ತೆ ಎಂದು ಕಾರಣವನ್ನೂ ಹೇಳುತ್ತಾನೆ.

ಹಾಲಿನ ಬಗ್ಗೆ ಬರೆಯುವಾಗಲಂತೂ ಅವನನ್ನು ಹಿಡಿಯುವವರಿಲ್ಲ. ಕುದುರೆ ಹಾಲನ್ನು ದೊಡ್ಡ ಚರ್ಮದ ಚೀಲಕ್ಕೆ ಸುರಿದು, ತುದಿಯಲ್ಲಿ ಮನುಷ್ಯನ ತಲೆಯಷ್ಟು ದಪ್ಪ ಇರುವ, ಒಳಗೆ ಟೊಳ್ಳಾದ ಕೋಲಿನಿಂದ ಕಡೆಯುತ್ತಾರೆ. ಅದು ಹುಳಿಯಾಗಿ ನೊರೆ ಏಳುತ್ತದೆ. ಅದೇ ಕುಮಿಸ್. ಕುಡಿದರೆ ನಾಲಿಗೆ ಚುರುಕ್ ಅನ್ನುತ್ತದೆ, ಆಮೇಲೆ ಬಾದಾಮಿ ಹಾಲಿನ ರುಚಿ ಉಳಿಯುತ್ತದೆ, ಒಳಗೆಲ್ಲ ಹಿತವಾಗುತ್ತದೆ, ತಲೆ ಗಟ್ಟಿ ಇಲ್ಲದವರಿಗೆ ಅಮಲೇರುತ್ತದೆ, ಮೂತ್ರ ಜಾಸ್ತಿ ಬರುತ್ತದೆ. ಒಂದನ್ನೂ ಬಿಡಲಿಲ್ಲ. ಮೊದಲ ಸಲ ಬಾಯಿಗಿಟ್ಟಾಗ ಗಾಬರಿಗೆ ಮೈಯೆಲ್ಲ ಬೆವರಿತಂತೆ. ಆದರೂ ರುಚಿಯಾಗಿತ್ತು, ನಿಜವಾಗಲೂ ರುಚಿ ಎಂದು ಒಪ್ಪಿಕೊಂಡ. ಹಸುವಿನ ಹಾಲಿನಿಂದ ಬೆಣ್ಣೆ ತೆಗೆದು ಚೆನ್ನಾಗಿ ಕಾಯಿಸಿ, ಉಪ್ಪೂ ಹಾಕದೆ ಕುರಿಯ ಹೊಟ್ಟೆಯ ಚೀಲದಲ್ಲಿ ತುಂಬಿಡುತ್ತಾರೆ, ಅಷ್ಟು ಕಾಯಿಸಿದ್ದಕ್ಕೋ ಏನೋ ಕೆಡುವುದೇ ಇಲ್ಲ ಎಂದು ಅಚ್ಚರಿಪಡುತ್ತಾನೆ. ನಮ್ಮ ಅಡುಗೆಮನೆಯ ತುಪ್ಪದ ಡಬ್ಬಿ ನೋಡಿದ್ದರೆ ಅವನಿಗೆ ಅಷ್ಟು ಆಶ್ಚರ್ಯ ಆಗುತ್ತಿರಲಿಲ್ಲ. ಉಳಿದ ಮಜ್ಜಿಗೆಯನ್ನು ಹುಳಿ ಬರಿಸಿ, ಕುದಿಸಿ, ಗಸಿಯನ್ನು ಬಿಸಿಲಲ್ಲಿ ಒಣಗಿಸಿದರೆ ಕಬ್ಬಿಣದ ಕಿಟ್ಟದಷ್ಟು ಗಟ್ಟಿ ಉಂಡೆ. ಚಳಿಗಾಲದಲ್ಲಿ ಹಾಲು ಬತ್ತಿದಾಗ ಅದಕ್ಕೆ ಬಿಸಿನೀರು ಹೊಯ್ದು, ಬಡಿದು ಕರಗಿಸಿ ಕುಡಿಯುತ್ತಾರೆ. ಬರೀ ನೀರು ಕುಡಿಯುವುದನ್ನು ಆದಷ್ಟು ತಪ್ಪಿಸುತ್ತಾರೆ.

ಇಷ್ಟು ಕಣ್ಣಿದ್ದವನಿಗೆ ಬಾಯಿ ಇರಲಿಲ್ಲ. ಅವನ ದುಭಾಷಿಯ ಹೆಸರು ಲ್ಯಾಟಿನ್‌ನಲ್ಲಿ ಹೋಮೋ ದೇಯಿ, ಅಂದರೆ ದೇವರ ಮನುಷ್ಯ. ಧರ್ಮದ ನಾಲ್ಕು ಮಾತು ಹೇಳೋಣ ಎಂದರೆ ಅವನು, ನನ್ನ ಕೈಲಿ ಉಪದೇಶ ಮಾಡಿಸಬೇಡಿ, ಆ ಮಾತೆಲ್ಲ ನನಗೆ ಬರಲ್ಲ ಅನ್ನುತ್ತಿದ್ದ. ಸ್ವಲ್ಪ ಭಾಷೆ ಕಲಿತ ಮೇಲೆ ರುಬ್ರುಕ್‌ಗೆ ಗೊತ್ತಾಯಿತು, ತಾನು ಒಂದು ಹೇಳಿದರೆ ಆಸಾಮಿ ಬಾಯಿಗೆ ಬಂದದ್ದು ಇನ್ನೊಂದು ಹೇಳುತ್ತಿದ್ದಾನೆ. ಇವನ ಮೂಲಕ ಮಾತಾಡುವುದು ಅಪಾಯ, ಸುಮ್ಮನಿರುವುದೇ ವಾಸಿ ಎಂದುಕೊಂಡ. ಬಡ ಹೋಮೋ ದೇಯಿಯ ಕಡೆಯಿಂದಲೂ ಸ್ವಲ್ಪ ಯೋಚಿಸಿ. ಸಂತೆ ವ್ಯವಹಾರಕ್ಕೆ ಸಾಕಾಗುವಷ್ಟು ಭಾಷೆ ಬಲ್ಲವನಿಗೆ, ದೇವರು ಮೂವರು ಆದರೂ ಒಬ್ಬನೇ ಎಂದು ತುರ್ಕಿ ಭಾಷೆಯಲ್ಲಿ ಹೇಳು ಅಂದರೆ ಏನು ಮಾಡಬೇಕು?

ಬಾತುವಿನ ಪಾಳೆಯದಿಂದ ಮುಂದಿನ ದಾರಿಗೆ ಬಂದ ಮಂಗೋಲ ಮೊದಲೇ ಎಚ್ಚರಿಸಿದ. ನಾಲ್ಕು ತಿಂಗಳ ದಾರಿ. ಕಲ್ಲು, ಮರ ಸೀಳುವಂಥ ಚಳಿ. ತಡೆದುಕೊಳ್ಳೋಕೆ ಆಗದಿದ್ದರೆ ದಾರಿಯಲ್ಲೇ ಬಿಟ್ಟು ಹೋಗುತ್ತೇನೆ. ಬಿಡಲಿಲ್ಲ. ನಾನು ತೂಕದವನಾದ್ದರಿಂದ ನನಗೆ ಯಾವಾಗಲೂ ಬಲವಾದ ಕುದುರೆ ಕೊಡುತ್ತಿದ್ದರು, ಆದರೆ ಅದರ ನಡಿಗೆ ನನಗೆ ಹಿತವೋ ಇಲ್ಲವೋ ಎಂದು ಯಾರೂ ಕೇಳುತ್ತಿರಲಿಲ್ಲ ಎಂದು ರುಬ್ರುಕ್ ಗೊಣಗುತ್ತಾನೆ. 1253ರ ಡಿಸೆಂಬರ್ ಕೊನೆಗೆ ಗುಯುಕ್‌ನ ನಂತರ ಪಟ್ಟಕ್ಕೆ ಬಂದ ಮೋಂಗ್ಕೆ ಖಾನನ ಪಾಳೆಯ ತಲುಪಿದರು. ವ್ರತದ ಪ್ರಕಾರ ಬರಿಗಾಲಲ್ಲಿ ಆಸ್ಥಾನಕ್ಕೆ ಹೊರಟರೆ ಜನ ಗುಂಪು ಕಟ್ಟಿ ನೋಡಿದರು. ಇವರಿಗೇನು ಕಾಲು ಬೇಡವೇ, ಇನ್ನು ಸ್ವಲ್ಪದರಲ್ಲೇ ಕಳೆದುಕೊಳ್ಳುತ್ತಾರಲ್ಲ ಅಂದರು. ಗುಂಪಿನಲ್ಲಿದ್ದ ಒಬ್ಬ ಹಂಗೇರಿಯ ಹುಡುಗ ಇವರ ಪಂಥದ ಗುರುತು ಹಿಡಿದು, ಇವರು ಹೀಗೇ ಇರೋರು ಎಂದು ವಿವರಿಸಿದ. ಮತ್ತೆ ಒಬ್ಬ ಸೆರೆಯ ಹುಡುಗ, ಕರೆಯದೆ ಬಂದ ದುಭಾಷಿ.

ಖಾನನ ಎದುರಿನ ಮೊದಲ ಭೇಟಿ ಒಂದು ಪ್ರಹಸನ. ಒಳಗೆ ಬಿಡುವ ಮುಂಚೆ ಚಾಕು ಇದೆಯೇ ಎಂದು ಕಾಲು, ಎದೆ, ತೋಳು ಎಲ್ಲ ತಡವಿ ನೋಡಿದರು. ಒಳಗೆ ಗೋಡೆಗೆಲ್ಲ ಚಿನ್ನದ ಬಟ್ಟೆ, ನಡುವೆ ಮುಳ್ಳುಕಡ್ಡಿ ಸಗಣಿ ಉರಿಯುವ ಒಲೆ. ಮೋಂಗ್ಕೆ ಚಪ್ಪಟೆ ಮೂಗಿನ, ಮಧ್ಯಮ ಎತ್ತರದ, ನಲವತ್ತೈದರ ಆಸುಪಾಸಿನ ಮನುಷ್ಯ. ಏನು ಕುಡಿಯುತ್ತೀರಿ ಎಂದು ಕೇಳಿಸಿದ. ದ್ರಾಕ್ಷಿ ಮದ್ಯವೋ, ಅಕ್ಕಿ ಮದ್ಯವೋ, ಕುಮಿಸೋ, ಜೇನಿನ ಮದ್ಯವೋ? ಸನ್ಯಾಸಿಗಳು ಮರ್ಯಾದೆಗೆ ಅಕ್ಕಿಯದನ್ನು ಒಂದು ಗುಟುಕು ಕುಡಿದರು. ದುಭಾಷಿ ಮಾತ್ರ ಮದ್ಯ ಬಡಿಸುವವರ ಪಕ್ಕದಲ್ಲೇ ನಿಂತಿದ್ದ. ಖಾನ್ ಗಿಡುಗಗಳನ್ನು ತರಿಸಿ ಕೈಮೇಲೆ ಕೂರಿಸಿಕೊಂಡು ಬಹಳ ಹೊತ್ತು ನೋಡುತ್ತಾ ಕೂತ. ಇವರು ಕಾದರು. ಕೊನೆಗೆ ಮಾತಾಡಿ ಎಂದಾಗ ದುಭಾಷಿಗೆ ಒಂದು ವಾಕ್ಯ ನೆಟ್ಟಗೆ ಹೇಳಲು ಬರದಷ್ಟು ಏರಿತ್ತು. ಖಾನನೂ ಸ್ವಲ್ಪ ತೂಗುತ್ತಿದ್ದ ಹಾಗೆ ಕಂಡಿತು ಎನ್ನುತ್ತಾನೆ ರುಬ್ರುಕ್. ಲೋಕದ ಅತಿ ದೊಡ್ಡ ದೊರೆಯ ಜೊತೆ ಆದ ಮಾತುಕತೆಯ ಗತಿ ಇದು.

ದುಭಾಷಿ ಕೆಟ್ಟರೆ ಏನಾಗುತ್ತದೆ ಎನ್ನುವುದಕ್ಕೆ ಇನ್ನೊಂದು ಪ್ರಸಂಗ. ಒಂದು ದಿನ ಖಾನನ ಡೇರೆಯಿಂದ ಹೊರಗೆ ಬರುವಾಗ ರುಬ್ರುಕ್‌ನ ಜೊತೆಗಾರ, ಕ್ರೆಮೋನಾದ ಬಾರ್ತೊಲೊಮಿಯೊ, ಎಡವಿ ಹೊಸ್ತಿಲು ತುಳಿದ. ಮಂಗೋಲರಲ್ಲಿ ದೊರೆಯ ಹೊಸ್ತಿಲು ತುಳಿದವನಿಗೆ ಮರಣದಂಡನೆ ಎಂದು ಕಾರ್ಪಿನಿ ಮುಂಚೆಯೇ ಬರೆದಿದ್ದ. ಕಾವಲಿನವರು ಅವನನ್ನು ಹಿಡಿದು ಬುಲ್ಗಾಯ್ ಎಂಬ ಹಿರಿಯ ಅಧಿಕಾರಿಯ ಬಳಿ ಒಯ್ದರು. ಮರುದಿನ ಬುಲ್ಗಾಯ್ ಕೇಳಿದ್ದು ಒಂದೇ ಪ್ರಶ್ನೆ. ಹೊಸ್ತಿಲು ಮುಟ್ಟಬಾರದು ಎಂದು ನಿಮಗೆ ಯಾರಾದರೂ ಹೇಳಿದ್ದರೇ? ಸ್ವಾಮಿ, ನಮಗೆ ಸರಿಯಾದ ದುಭಾಷಿಯೇ ಇರಲಿಲ್ಲ, ತಿಳಿಯುವುದು ಹೇಗೆ ಎಂದ ರುಬ್ರುಕ್. ಬಿಟ್ಟುಬಿಟ್ಟರು. ಆದರೆ ಬಾರ್ತೊಲೊಮಿಯೊನನ್ನು ಮತ್ತೆ ಎಂದೂ ಖಾನನ ಡೇರೆಯೊಳಗೆ ಬಿಡಲಿಲ್ಲ.

ಇವರ ಪಾಡು ಬದಲಾದದ್ದು ಪಾಕೆಟ್ ಎಂಬ ಹೆಂಗಸು ಸಿಕ್ಕ ಮೇಲೆ. ಲೊರೇನ್ ಸೀಮೆಯ ಮೆಟ್ಜ್ ಊರಿನವಳು. ಹಂಗೇರಿಯಲ್ಲಿ ಸೆರೆ ಸಿಕ್ಕಿದ್ದಳು. ಇವರನ್ನು ಕಂಡು ತನ್ನ ಕೈಲಾದಷ್ಟು ಚೆನ್ನಾಗಿ ಊಟ ಹಾಕಿದಳು. ಇಲ್ಲಿಗೆ ಬರುವ ಮುಂಚೆ ಪಟ್ಟ ಪಾಡು ಹೇಳತೀರದು, ಈಗ ಪರವಾಗಿಲ್ಲ ಎಂದಳು. ಒಬ್ಬ ರಷ್ಯನ್ ಹುಡುಗನನ್ನು ಮದುವೆಯಾಗಿದ್ದಳು, ಮೂರು ಗಂಡುಮಕ್ಕಳು. ಗಂಡನಿಗೆ ಮನೆ ಕಟ್ಟುವ ಕೆಲಸ ಗೊತ್ತಿತ್ತು, ಮಂಗೋಲರಲ್ಲಿ ಆ ಕಸುಬಿಗೆ ಒಳ್ಳೆ ಬೆಲೆ. ಮಂಗೋಲರ ರಾಜಧಾನಿ ಕಾರಾಕೋರಂನಲ್ಲಿ ಪ್ಯಾರಿಸಿನ ಅಕ್ಕಸಾಲಿ ಗಿಯೋಮ್ ಬೂಶೆ ಎನ್ನುವವನಿದ್ದಾನೆ, ಅವನ ಸಾಕುಮಗ ಒಳ್ಳೆ ದುಭಾಷಿ ಎಂದು ತಿಳಿಸಿದವಳೂ ಅವಳೇ. ಅವಳ ಬಗ್ಗೆ ರುಬ್ರುಕ್ ಬರೆದದ್ದು ಕೆಲವೇ ಸಾಲು. ಆ ಕೆಲವು ಸಾಲು ಇಲ್ಲದಿದ್ದರೆ ಅವಳು ಇದ್ದಳೆಂದು ಯಾರಿಗೂ ತಿಳಿಯುತ್ತಿರಲಿಲ್ಲ.

ಈ ಬೂಶೆ ಮಾಡಿದ್ದೇ ಆ ಹೆಸರಾಂತ ಬೆಳ್ಳಿಮರ. ಅರಮನೆಯ ಬಾಗಿಲಲ್ಲಿ ಹಾಲು ಹೆಂಡದ ಚರ್ಮದ ಚೀಲ ಹೊತ್ತು ತರುವುದು ಚೆನ್ನಾಗಿ ಕಾಣುವುದಿಲ್ಲ ಎಂದು ಖಾನ್ ಮಾಡಿಸಿದ್ದು. ಬೇರಿನ ಬಳಿ ನಾಲ್ಕು ಬೆಳ್ಳಿ ಸಿಂಹ, ಬಾಯಿಂದ ಕುದುರೆ ಹಾಲು ಸುರಿಸುತ್ತವೆ. ಮರದ ಮೇಲಿಂದ ಚಿನ್ನದ ನೀರು ಹಾಕಿದ ಹಾವುಗಳ ಬಾಯಲ್ಲಿ ನಾಲ್ಕು ಬಗೆ ಪಾನೀಯ. ತುದಿಯಲ್ಲಿ ಕಹಳೆ ಹಿಡಿದ ದೇವದೂತ. ಬೂಶೆ ಮೊದಲು ತಿದಿಯಿಂದ ಕಹಳೆ ಊದಿಸಲು ನೋಡಿದ, ಗಾಳಿ ಸಾಲಲಿಲ್ಲ. ಕೊನೆಗೆ ಮರದ ಅಡಿಯಲ್ಲಿ ಒಂದು ಗುಂಡಿ ತೋಡಿ ಒಳಗೊಬ್ಬ ಮನುಷ್ಯನನ್ನು ಕೂರಿಸಿದರು. ಮದ್ಯ ಬೇಕಾದಾಗ ಬಡಿಸುವವನು ದೇವದೂತನಿಗೆ ಊದು ಎಂದು ಕೂಗುತ್ತಾನೆ, ಕೆಳಗೆ ಕೂತವನು ಕೊಳವೆಗೆ ಬಾಯಿಟ್ಟು ಊದುತ್ತಾನೆ. ಮರವನ್ನು ನೆನೆಯುವವರು ಬಹಳ ಜನ. ನನಗೆ ಆ ಗುಂಡಿಯಲ್ಲಿ ಕೂತವನ ಸಂಬಳ ಎಷ್ಟಿತ್ತು ಅನ್ನೋ ಕುತೂಹಲ.

ಕಾರಾಕೋರಂ ಊರಿನ ಬಗ್ಗೆ ರುಬ್ರುಕ್‌ಗೆ ಅಂಥ ಮೆಚ್ಚುಗೆಯಿಲ್ಲ. ಖಾನನ ಅರಮನೆ ಬಿಟ್ಟರೆ ಪ್ಯಾರಿಸ್ ಪಕ್ಕದ ಸಾಂ ದೆನಿ ಹಳ್ಳಿಯೇ ಇದಕ್ಕಿಂತ ವಾಸಿ ಅಂದ. ಆದರೆ ಎಣಿಸಿದ. ಹನ್ನೆರಡು ವಿಗ್ರಹದ ಗುಡಿ, ಎರಡು ಮಸೀದಿ, ಒಂದು ಇಗರ್ಜಿ, ಮಣ್ಣಿನ ಗೋಡೆಗೆ ನಾಲ್ಕು ಬಾಗಿಲು. ಪೂರ್ವದಲ್ಲಿ ಧಾನ್ಯ, ಪಶ್ಚಿಮದಲ್ಲಿ ಕುರಿ ಮೇಕೆ, ದಕ್ಷಿಣದಲ್ಲಿ ಎತ್ತು ಗಾಡಿ, ಉತ್ತರದಲ್ಲಿ ಕುದುರೆ ಸಂತೆ.

ಅಲ್ಲಿ ಹಿಂದೂಸ್ತಾನದವರೂ ಇದ್ದರು. ಹಿಂದೂಸ್ತಾನದ ಯಾವುದೋ ಸುಲ್ತಾನನ ದೂತರು ಎಂದಷ್ಟೇ ಬರೆಯುತ್ತಾನೆ. ಎಂಟು ಚಿರತೆ, ಕುದುರೆಯ ಬೆನ್ನ ಮೇಲೆ ಕೂರಲು ಪಳಗಿಸಿದ ಹತ್ತು ಬೇಟೆನಾಯಿ ಕಾಣಿಕೆ ತಂದಿದ್ದರು. ನಿಮ್ಮ ದೇಶ ಯಾವ ಕಡೆ ಎಂದರೆ ಪಶ್ಚಿಮಕ್ಕೆ ಕೈ ತೋರಿಸಿದರಂತೆ. ವಾಪಸ್ ಬರುವಾಗ ಮೂರು ವಾರ ಅವನ ಜೊತೆಯೇ ಪಶ್ಚಿಮಕ್ಕೆ ಪ್ರಯಾಣ ಮಾಡಿದರು. ಮೂರು ವಾರ! ಏನೇನು ಮಾತಾಡಿರಬಹುದು? ಒಂದು ಸಾಲೂ ಇಲ್ಲ. ಹಾಲಿನ ಬಗ್ಗೆ ಪುಟಗಟ್ಟಲೆ ಬರೆದವನು ಇಲ್ಲಿ ಕೈಕೊಟ್ಟ.

ರಾಕ್ಷಸರ ವಿಷಯಕ್ಕೆ ಬಂದರೆ ರುಬ್ರುಕ್ ಕಾರ್ಪಿನಿಯಂತಲ್ಲ. ಹಳೆಯ ಪುಸ್ತಕಗಳಲ್ಲಿ ಹೇಳಿದ ವಿಚಿತ್ರ ಜನರ ಬಗ್ಗೆ ವಿಚಾರಿಸಿದೆ, ನಾವು ಅಂಥವರನ್ನು ಕಂಡಿಲ್ಲ ಎಂದರು, ಆದ್ದರಿಂದ ಅದು ನಿಜವೇ ಎಂಬ ಅನುಮಾನ ನನಗಿದೆ ಎಂದು ಬರೆದ. ಕ್ಯಾಸ್ಪಿಯನ್ ಸುತ್ತಲೂ ನೆಲವಿರುವ ಸಮುದ್ರ, ಪಂಡಿತರು ಹೇಳಿದಂತೆ ಸಾಗರದ ಕೊಲ್ಲಿಯಲ್ಲ ಎಂದೂ ಬರೆದ. ಹೋದ ದಾರಿ, ಬಂದ ದಾರಿ ಸೇರಿ ಅದರ ಉತ್ತರ, ಪಶ್ಚಿಮದ ಬದಿಗಳನ್ನು ತಾನೇ ಕಂಡಿದ್ದ, ಇನ್ನು ಪಂಡಿತರ ಮಾತು ಯಾಕೆ ಕೇಳಬೇಕು?

1254ರ ಮೇ 30ರಂದು ಖಾನನ ಅಪ್ಪಣೆಯಂತೆ ಕ್ರೈಸ್ತ, ಮುಸ್ಲಿಂ, ಬೌದ್ಧರ ನಡುವೆ ವಾದ ನಡೆಯಿತು. ಇದನ್ನು ಎಲ್ಲರೂ ಬರೆಯುತ್ತಾರೆ, ನಾನು ಜಾಸ್ತಿ ಬರೆಯಲ್ಲ. ಈ ಸಲ ಬೂಶೆಯ ಮಗ ದುಭಾಷಿ, ಹಾಗಾಗಿ ರುಬ್ರುಕ್ ಚೆನ್ನಾಗೇ ವಾದ ಮಾಡಿದ. ಒಬ್ಬನೂ ಮತ ಬದಲಿಸಲಿಲ್ಲ. ಕೊನೆಗೆ ನೆಸ್ಟೋರಿಯನ್ ಎಂಬ ಪೂರ್ವದ ಪಂಥದ ಕ್ರೈಸ್ತರು, ಮುಸ್ಲಿಮರು ಜೋರಾಗಿ ಹಾಡಿದರು, ಬೌದ್ಧರು ಸುಮ್ಮನಿದ್ದರು, ಎಲ್ಲರೂ ಸೇರಿ ಚೆನ್ನಾಗಿ ಕುಡಿದರು.

ನನ್ನ ಮನಸ್ಸಿನಲ್ಲಿ ನಿಂತದ್ದು ಅದಕ್ಕೂ ಮುಂಚಿನ ಈಸ್ಟರ್ ಹಬ್ಬ. ಕಾರಾಕೋರಂನಲ್ಲಿದ್ದ ಹಂಗೇರಿಯನ್ನರು, ರಷ್ಯನ್ನರು, ಜಾರ್ಜಿಯನ್ನರು, ಅರ್ಮೇನಿಯನ್ನರು ಗುಂಪಾಗಿ ಬಂದರು. ಸೆರೆಯಾದ ದಿನದಿಂದ ಅವರು ಪ್ರಸಾದ ಕಂಡಿರಲಿಲ್ಲ. ಕೊಡಿ ಎಂದು ರುಬ್ರುಕ್‌ನ ಕಾಲಿಗೆ ಬಿದ್ದರು. ಪಾಪ ನಿವೇದನೆಯಲ್ಲಿ ಒಬ್ಬೊಬ್ಬರೂ ಹೇಳಿದ್ದು ಕಳ್ಳತನದ ಮಾತು. ಒಡೆಯರು ಊಟ ಬಟ್ಟೆ ಕೊಡಲ್ಲ, ಕದಿಯದೆ ಬದುಕೋದು ಹೇಗೆ ಸ್ವಾಮಿ? ಮಂಗೋಲರಲ್ಲಿ ಕಳ್ಳತನವೇ ಇಲ್ಲ ಎಂದು ಕಾರ್ಪಿನಿ ಬರೆದಿದ್ದನಲ್ಲ, ಆ ಮಾತು ಯಾರಿಗೆ ಅನ್ವಯವಾಗುತ್ತಿತ್ತು ಎನ್ನುವುದು ಇಲ್ಲಿ ಬಿಚ್ಚಿಕೊಳ್ಳುತ್ತದೆ. ರುಬ್ರುಕ್ ಧರ್ಮಶಾಸ್ತ್ರ ಓದಿ ಬೈಯಲಿಲ್ಲ. ನಿಮ್ಮನ್ನು ಊರಿನಿಂದ ಎಳೆದು ತಂದಿದ್ದಾರೆ, ಬದುಕೋಕೆ ಬೇಕಾದಷ್ಟನ್ನು ಅವರ ಮನೆಯಿಂದ ತೆಗೆದುಕೊಳ್ಳಿ, ತಪ್ಪಿಲ್ಲ, ಬೇಕಾದರೆ ಮೋಂಗ್ಕೆಯ ಎದುರಿಗೇ ಈ ಮಾತು ಹೇಳುತ್ತೇನೆ ಎಂದ. ಮೂವತ್ತು ಪುಟದ ಧರ್ಮವಾದಕ್ಕಿಂತ ಈ ಒಂದು ಮಾತಿಗೆ ನಾನು ಅವನಿಗೆ ಜಾಸ್ತಿ ಗೌರವ ಕೊಡುತ್ತೇನೆ.

ಎಲ್ಲರನ್ನೂ ಅವನು ಕಾಣಲಾಗಲಿಲ್ಲ. ತಲಾಸ್ ಎಂಬಲ್ಲಿ ಜರ್ಮನ್ ಸೆರೆಯಾಳುಗಳು ಇದ್ದಾರೆಂದು ಕೇಳಿದ್ದ, ಅವರನ್ನು ಹುಡುಕುವುದೂ ಅವನ ಹಂಬಲವಾಗಿತ್ತು. ಆಸ್ಥಾನ ತಲುಪಿದ ಮೇಲೆ ತಿಳಿಯಿತು, ಅವರನ್ನು ಪೂರ್ವಕ್ಕೆ ಬೋಲತ್ ಎಂಬ ಊರಿಗೆ ಸಾಗಿಸಿ ಚಿನ್ನ ಅಗೆಯುವ, ಆಯುಧ ಮಾಡುವ ಕೆಲಸಕ್ಕೆ ಹಚ್ಚಿದ್ದಾರೆ. ಬರುವಾಗ ಅವನು ಆ ಊರಿನಿಂದ ಮೂರೇ ದಿನದ ದೂರದಲ್ಲಿ ಹಾದು ಬಂದಿದ್ದ, ಗೊತ್ತೇ ಆಗಿರಲಿಲ್ಲ. ಮರಳುವಾಗ ಆ ದಾರಿ ಸಿಗಲಿಲ್ಲ.

ಬಾರ್ತೊಲೊಮಿಯೊ ಹಿಂದಕ್ಕೆ ಬರಲು ಒಪ್ಪಲಿಲ್ಲ. ಆ ಬೆಟ್ಟಗುಡ್ಡ ಮತ್ತೆ ದಾಟಿದರೆ ಸಾಯುತ್ತೇನೆ ಎಂಬ ಭಯ. ಬೂಶೆಯ ಮನೆಯಲ್ಲೇ ಉಳಿದ. ಅಳುತ್ತಾ ಬೀಳ್ಕೊಂಡರು. ಬೂಶೆ ತನ್ನ ಹಳೆಯ ರಾಜನಿಗೆ ಕೊಡಿ ಎಂದು ಒಂದು ಸೊಂಟಪಟ್ಟಿ ಕಳಿಸಿದ. ಸಿಡಿಲು ತಾಗದಿರಲಿ ಎಂದು ಅಲ್ಲಿನವರು ಕಟ್ಟಿಕೊಳ್ಳುವ ಹರಳು ಅದರಲ್ಲಿತ್ತು. ಬೂಶೆಯ ತಮ್ಮನೋ ಅಣ್ಣನೋ ಪ್ಯಾರಿಸಿನ ದೊಡ್ಡ ಸೇತುವೆಯ ಮೇಲೆ ಇನ್ನೂ ವಾಸವಾಗಿದ್ದಾನೆ, ರೋಜೆ ಅಂತ ಹೆಸರು ಎಂಬುದನ್ನೂ ರುಬ್ರುಕ್ ಬರೆದುಕೊಂಡ.

1255ರಲ್ಲಿ ರುಬ್ರುಕ್ ಮೆಡಿಟರೇನಿಯನ್ ತೀರಕ್ಕೆ ಮರಳುವ ಹೊತ್ತಿಗೆ ರಾಜ ಲೂಯಿ ಫ್ರಾನ್ಸಿಗೆ ಹೊರಟುಹೋಗಿದ್ದ. ಪಂಥದ ಹಿರಿಯರು ರುಬ್ರುಕ್‌ನನ್ನು ಬಿಡಲಿಲ್ಲ, ಪ್ಯಾಲೆಸ್ಟೈನ್ ತೀರದ ಏಕರ್ ಊರಿನಲ್ಲಿ ಪಾಠ ಹೇಳು ಎಂದರು. ಅದಕ್ಕೇ ಕಾಗದ ಬರೆದದ್ದು. ಮುಂದೆ ಇಂಗ್ಲೆಂಡಿನ ಪಂಡಿತ ರೋಜರ್ ಬೇಕನ್ ಅವನನ್ನು ಕಂಡು, ಆ ಕಾಗದವನ್ನು ಗಮನವಿಟ್ಟು ಓದಿ, ತನ್ನ ಪುಸ್ತಕಕ್ಕೆ ಬಳಸಿಕೊಂಡ. ಬೇರೆ ಯಾರೂ ಅಷ್ಟಾಗಿ ಓದಲಿಲ್ಲ.

ಕಾಗದದ ಕೊನೆಯಲ್ಲಿ ಅವನು ರಾಜನಿಗೆ ಕೊಡುವ ಸಲಹೆ ಬಹಳ ವ್ಯಾವಹಾರಿಕ. ಇನ್ನು ಮೇಲೆ ನನ್ನ ಹಾಗೆ ಬಡ ಸನ್ಯಾಸಿಗಳನ್ನು ಅಲ್ಲಿಗೆ ಕಳಿಸಬೇಡಿ. ಪೋಪ್ ಬೇಕಾದರೆ ಒಬ್ಬ ಬಿಷಪ್‌ನನ್ನು ಗೌರವದಿಂದ ಕಳಿಸಲಿ, ಅವರು ಕೇಳುತ್ತಾರೆ. ಆದರೆ ಅವನ ಜೊತೆ ಒಳ್ಳೆಯ ದುಭಾಷಿ ಇರಬೇಕು, ಒಬ್ಬ ಸಾಲದು, ಹಲವರು ಬೇಕು. ಮತ್ತೆ ದಾರಿ ಖರ್ಚಿಗೆ ಧಾರಾಳ ದುಡ್ಡು.